ಮಸ್ಕತ್ತಿನಲ್ಲಿ ನಾನು ಪ್ರೆಸ್ಸಿನವಳಾದದ್ದು

ನಮ್ಮ ನಿಶ್ಮಿತಾ ಪಾಸಾದಳು. ಇನ್ನು ಮೇಲೆ ಬೇರೆ ದೇಶದ ತಂಡಗಳು ಆಡುವ ವಾಲಿಬಾಲ್ ಪಂದ್ಯಕ್ಕೂ ಅವಳು ರೆಫರಿಯಾಗಿ ನಿಲ್ಲಬಹುದು. ಕಾಪುವಿನ ಹೆಣ್ಣು, ನನ್ನ ಮಗಳ ಮಗಳು, ವಿಸಿಲ್ ಊದಿದರೆ ಆರೂವರೆ ಅಡಿ ಎತ್ತರದವರೂ ನಿಂತಲ್ಲಿ ನಿಲ್ಲಬೇಕು. ಇದನ್ನು ಮೊದಲು ಹೇಳಿಬಿಡದೆ ಬೇರೇನನ್ನೂ ಬರೆಯಲಿಕ್ಕೆ ನನಗೆ ಕೈ ಓಡುವುದಿಲ್ಲ. ಹೇಳಿದ್ದಾಯಿತು. ಈಗ ಮಸ್ಕತ್ತಿಗೆ ಹೋದ ಕತೆಯನ್ನು ಸಮಾಧಾನದಿಂದ ಬರೆಯುತ್ತೇನೆ.

ನಾನು ಏಳನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟವಳು. ಆಮೇಲೆ ಮೂವತ್ತೊಂದು ವರ್ಷ ಉಡುಪಿಯ ಒಂದು ಮುದ್ರಣಾಲಯದಲ್ಲಿ ಬೈಂಡಿಂಗ್ ಕೆಲಸ ಮಾಡಿದೆ. ಅಚ್ಚಾದ ದೊಡ್ಡ ಹಾಳೆಗಳನ್ನು ಮಡಚುವುದು, ಪುಟ ಹಿಂದೆಮುಂದೆ ಆಗದಂತೆ ಜೋಡಿಸುವುದು, ಹೊಲಿಯುವುದು. ಮಡಚುತ್ತಾ ಮಡಚುತ್ತಾ ಓದಿದ್ದರಿಂದಲೇ ಇಷ್ಟು ಕನ್ನಡ ಬಂತು. ಒಂದು ಪುಸ್ತಕದ ಎಂಟು ಪುಟ, ಇನ್ನೊಂದರ ಹದಿನಾರು ಪುಟ, ಹೀಗೆ ಓದಿದ ವಿದ್ಯೆ. ನಡುವೆ ಅಲ್ಲಲ್ಲಿ ಪುಟ ಬಿಟ್ಟುಹೋಗಿದೆ. ಕಾಪುವಿನಲ್ಲಿ ಈಗಲೂ ನನ್ನನ್ನು ‘ಪ್ರೆಸ್ಸಿನ ಸುಮತಿಯಕ್ಕ’ ಎಂದೇ ಕರೆಯುತ್ತಾರೆ. ಆ ಪ್ರೆಸ್ಸು ಎಂಬ ಒಂದು ಶಬ್ದ ಹೊರದೇಶದಲ್ಲಿ ನನ್ನನ್ನು ಎಲ್ಲಿಗೆ ಮುಟ್ಟಿಸಿತು ನೋಡಿ.

ಕಾಪು

ನನ್ನ ಮಗಳು ಶಶಿಕಲಾ, ಅಳಿಯ ಸದಾನಂದ ಇಪ್ಪತ್ತು ವರ್ಷದಿಂದ ಮಸ್ಕತ್ತಿನಲ್ಲಿದ್ದಾರೆ. ಅವರ ಒಬ್ಬಳೇ ಮಗಳು ನಿಶ್ಮಿತಾ ಶಾಲೆಗೆ ಸೇರಿದಂದಿನಿಂದ ನನ್ನ ಹತ್ತಿರ ಬೆಳೆದವಳು. ಈಗ ಮಣಿಪಾಲದ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್. ಭಾನುವಾರ ಮತ್ತು ರಜೆಯಲ್ಲಿ ಎಲ್ಲಿ ವಾಲಿಬಾಲ್ ಇದ್ದರೂ ಅಲ್ಲಿ ರೆಫರಿ.

ಕಳೆದ ವರ್ಷ ಕಾರ್ಕಳದಲ್ಲಿ ಒಂದು ಪಂದ್ಯ ಇತ್ತು. ಯಾವುದೋ ಚಾನೆಲ್ಲಿನವನು ಕೋಲಿಗೆ ಮೊಬೈಲು ಸಿಕ್ಕಿಸಿಕೊಂಡು ಕೋರ್ಟಿನ ಒಳಗೇ ತಿರುಗುತ್ತಿದ್ದ. ನಿಶ್ಮಿತಾ ಎರಡು ಸಲ ಬೈದಳು. ಮೂರನೇ ಸಲ ಹೋಗಿ ಮೊಬೈಲನ್ನೇ ಎಳೆದುಕೊಂಡಳು. ಆ ಮೊಬೈಲು ಲೈವ್ ಇತ್ತು. ಅವಳ ಸಿಟ್ಟಿನ ಮುಖ, ಅದೂ ಮೂಗಿನ ಕೆಳಗಿನಿಂದ, ಅವಳು ಮನೆಗೆ ಮುಟ್ಟುವ ಮೊದಲೇ ಪಡುಬಿದ್ರಿವರೆಗೆ ಮುಟ್ಟಿತ್ತು. ‘ರೆಫರಿ ಮೇಡಮ್ಮಿನ ದರ್ಬಾರು’ ಎಂದು ಅದಕ್ಕೆ ಹೆಸರು. ಮರುದಿನ ಮೀನು ಮಾರುವ ಗುಲಾಬಿ, ತಲೆಯ ಬುಟ್ಟಿ ಇಳಿಸುವ ಮೊದಲೇ, “ಸುಮತಿಯಕ್ಕ, ನಿಮ್ಮ ಮಗು ಯಾರದ್ದೋ ಮೊಬೈಲು ಕಿತ್ತುಕೊಂಡಿತಂತೆ ಅಲ್ವಾ” ಎಂದು ಕೇಳಿದಳು.

ಆಮೇಲೆ ಆ ಸೀಸನ್ ಪೂರ್ತಿ ಅವಳನ್ನು ಯಾರೂ ಪಂದ್ಯಕ್ಕೆ ಕರೆಯಲಿಲ್ಲ. ಅವಳೂ ಕೇಳಲಿಲ್ಲ. ಮದುವೆ ಮನೆಯಲ್ಲಿ ವಿಡಿಯೋದವನು ಬಂದರೂ ಊಟದ ಎಲೆ ಬಿಟ್ಟು ಏಳುತ್ತಿದ್ದಳು.

ಆಗಲೇ ಅಳಿಯನಿಂದ ಫೋನು. ಮಸ್ಕತ್ತಿನಲ್ಲಿ ರೆಫರಿಗಳಿಗೆ ನಾಲ್ಕು ದಿನದ ತರಬೇತಿ ಉಂಟು, ಕೊನೆಯ ದಿನ ನಿಜವಾದ ಪಂದ್ಯದಲ್ಲಿ ನಿಲ್ಲಿಸಿ ಪರೀಕ್ಷೆ ಮಾಡುತ್ತಾರೆ, ಹೆಸರು ಕೊಡಲಾ ಎಂದು.

“ಕ್ಯಾಮೆರಾ ಕಂಡರೆ ನನಗೆ ಕೈ ನಡುಗುತ್ತದೆ ಅಜ್ಜಿ,” ಎಂದಳು ನಿಶ್ಮಿತಾ. “ಅಲ್ಲಿ ಟಿ.ವಿ.ಯವರೆಲ್ಲ ಇರುತ್ತಾರೆ.”

“ನಡುಗಲಿ. ವಿಸಿಲ್ ಊದುವುದು ಬಾಯಿಯಿಂದ ಅಲ್ವಾ?”

ಅವಳು ನಗಲಿಲ್ಲ. “ಹೋಗುತ್ತೇನೆ. ಆದರೆ ಇದು ಕೊನೆಯ ಸಲ. ಇದರಲ್ಲಿ ಆಗದಿದ್ದರೆ ಇನ್ನು ರೆಫರಿ ಕೆಲಸದ ಸುದ್ದಿ ಎತ್ತಬಾರದು,” ಎಂದಳು. ಅವಳು ಹಾಗೆಲ್ಲ ಸುಮ್ಮನೆ ಹೇಳುವವಳಲ್ಲ. ನಾನೂ ಬರುತ್ತೇನೆ ಎಂದು ಹೊರಟೆ.

ಬಜಪೆ

ವಿಮಾನ ನಿಲ್ದಾಣದಲ್ಲಿ ನನ್ನ ಕೈಚೀಲ ಯಂತ್ರದ ಒಳಗೆ ಹೋಗಿ ಅಲ್ಲೇ ನಿಂತಿತು. ಸಮವಸ್ತ್ರದ ಹೆಂಗಸು ಪರದೆ ನೋಡಿ, “ಇದು ಎಂತ ಅಮ್ಮ, ಚೆಂಡಿನ ಹಾಗೆ, ಮೂರು ಉಂಟು?” ಎಂದು ಕೇಳಿದಳು.

“ಹುಳಿ.”

“ಎಂತ ಹುಳಿ?”

“ಹುಣಸೆಹುಳಿ. ಈ ವರ್ಷದ್ದು. ಉಪ್ಪು ಹಾಕಿ ಉಂಡೆ ಮಾಡಿದ್ದು. ಮಗಳು ಅಲ್ಲಿಯದ್ದು ಹುಳಿಯೇ ಅಲ್ಲ ಎನ್ನುತ್ತಾಳೆ.”

ಅವಳು ಕಾಗದ ಬಿಡಿಸಿ ಮೂಸಿ ನೋಡಿದಳು. “ನಮ್ಮ ಮನೆಯಲ್ಲಿ ಇನ್ನೂ ಹಳತೇ ಮುಗಿದಿಲ್ಲ,” ಎಂದು ಬಿಟ್ಟಳು.

ವಿಮಾನ ಹೊರಡುವ ಮೊದಲು ಒಬ್ಬಳು ಹುಡುಗಿ ನಡುದಾರಿಯಲ್ಲಿ ನಿಂತು ಎರಡೂ ಕೈ ಚಾಚಿ ಏನೇನೋ ಸನ್ನೆ ಮಾಡಿದಳು. “ಇವಳೂ ನಿನ್ನ ಹಾಗೆ ರೆಫರಿಯಾ?” ಎಂದು ಕೇಳಿದೆ. ನಿಶ್ಮಿತಾ ಹೂಂ ಎಂದಳು. ನನ್ನ ಮಾತು ಅವಳ ಕಿವಿಗೆ ಹೋಗಿರಲಿಲ್ಲ. ತುಟಿ ಅಲ್ಲಾಡುತ್ತಿತ್ತು, ನಿಯಮ ಬಾಯಿಪಾಠ ಮಾಡುತ್ತಿದ್ದಳು. ಕಡಲು ಕೆಳಗೆ ಉಳಿಯಿತು. ಮೇಲಿನಿಂದ ನೋಡಿದರೆ ಅದರಲ್ಲಿ ಅಲೆಯೇ ಇಲ್ಲ, ಇಸ್ತ್ರಿ ಹಾಕಿದ ಹಾಗೆ.

ರೂವಿ

ಮಗಳ ಮನೆ ಮಸ್ಕತ್ತಿನ ರೂವಿಯಲ್ಲಿ. ಊರಿನ ಸುತ್ತ ಗುಡ್ಡ, ಗುಡ್ಡದ ಮೇಲೆ ಒಂದು ಹುಲ್ಲುಕಡ್ಡಿ ಇಲ್ಲ. ಇಷ್ಟು ಬೋಳು ಗುಡ್ಡವನ್ನು ನೋಡಿ ನನಗೆ ಮೊದಲು ಅಯ್ಯೋ ಅನಿಸಿತು. ಎರಡನೇ ದಿನಕ್ಕೆ ಸಂಜೆಯ ಬಿಸಿಲಿನಲ್ಲಿ ಅದೇ ಗುಡ್ಡ ಕೆಂಪಾದದ್ದನ್ನು ಕಂಡು, ಸರಿ, ಇದಕ್ಕೂ ಒಂದು ಚೆಂದ ಉಂಟು ಎಂದು ಒಪ್ಪಿಕೊಂಡೆ.

ಅಲ್ಲಿ ನಾವು ರಸ್ತೆ ದಾಟಲು ಕಾಲೆತ್ತಿದರೆ ಕಾರು ನಿಲ್ಲುತ್ತದೆ. ಮೊದಲ ದಿನ ಕಾರು ನಿಂತದ್ದು ಕಂಡು, ಅವನಿಗೆ ದಾರಿ ಕೇಳಲಿಕ್ಕುಂಟೋ ಏನೋ ಎಂದು ನಾನೂ ನಿಂತೆ. ಅವನೂ ನಿಂತ. ಹಿಂದೆ ನಾಲ್ಕು ಕಾರು ನಿಂತವು. ಕಾಪುವಿನ ಹೆದ್ದಾರಿಯಲ್ಲಿ ನಾವು ದೇವರ ಹೆಸರು ಹೇಳಿ ಓಡುವವರು, ನಮಗೆ ಇಂಥ ಮರ್ಯಾದೆ ಎಲ್ಲಿ ಅಭ್ಯಾಸ?

ಪಕ್ಕದ ಮನೆಯ ಒಮಾನಿ ಹೆಂಗಸನ್ನು ಎಲ್ಲರೂ ಸಾಲಿಮನ ತಾಯಿ ಎಂದೇ ಕರೆಯುವುದು. ಅವರು ಕಾಫಿಗೆ ಕರೆದರು. ಹಿಡಿ ಇಲ್ಲದ ಪುಟ್ಟ ಬಟ್ಟಲು, ಏಲಕ್ಕಿ ಘಮದ ಕಹಿ ಕಾಫಿ, ಜೊತೆಗೆ ಖರ್ಜೂರ. ಸಾಕಾದರೆ ಬಟ್ಟಲನ್ನು ಕೈಯಲ್ಲಿ ಅಲ್ಲಾಡಿಸಬೇಕಂತೆ. ನನಗೆ ಯಾರು ಹೇಳಿದ್ದು? ಕೊಟ್ಟದ್ದನ್ನು ಬಿಟ್ಟರೆ ಅವರಿಗೆ ಬೇಸರ ಎಂದು ನಾನು ಖಾಲಿ ಮಾಡಿದೆ. ಖಾಲಿ ಬಟ್ಟಲು ಹಿಡಿದವಳಿಗೆ ಹಾಕದಿದ್ದರೆ ನನಗೆ ಬೇಸರ ಎಂದು ಅವರು ಹಾಕಿದರು. ಒಂಬತ್ತು ಬಟ್ಟಲಾಯಿತು. ಆ ದಿನ ಮಧ್ಯಾಹ್ನ ನಾನು ಮಗಳ ಮನೆಯ ಎಲ್ಲ ಕಿಟಕಿ ಒರೆಸಿದೆ, ಕೂರಲಿಕ್ಕೇ ಆಗಲಿಲ್ಲ.

ಅಡುಗೆಮನೆಯಲ್ಲಿ ತರಬೇತಿ

ನಿಶ್ಮಿತಾ ಬೆಳಿಗ್ಗೆ ಹೋದರೆ ಸಂಜೆ ಬರುತ್ತಿದ್ದಳು. ಮೂರನೇ ದಿನದ ಪಾಠ ಪತ್ರಕರ್ತರು, ಫೋಟೋದವರು, ಚಾನೆಲ್ಲಿನವರು ಪಂದ್ಯಕ್ಕೆ ಅಡ್ಡ ಬಂದರೆ ಏನು ಮಾಡಬೇಕು ಎಂದು. ಬಂದವಳು ಚಪಾತಿ ಮುಟ್ಟದೆ ಕೂತಳು.

“ಎಂತ ಹೇಳಿದರು?” ಎಂದು ಕೇಳಿದೆ.

“ಕ್ಯಾಮೆರಾ ಮುಟ್ಟಲೇಬಾರದಂತೆ. ದೂರದಿಂದ ಬೆರಳು ತೋರಿಸಿ ಕೂಗಬಾರದು. ಆಟ ನಿಲ್ಲಿಸಿ ಹತ್ತಿರ ಹೋಗಬೇಕು. ಅವನ ಎದುರು ನಿಲ್ಲಬಾರದು, ಪಕ್ಕದಲ್ಲಿ ನಿಲ್ಲಬೇಕು. ಎದುರು ನಿಂತರೆ ಜಗಳ, ಪಕ್ಕ ನಿಂತರೆ ಮಾತು.”

“ಇದು ಸರಿ ಉಂಟು.”

“ಇಲ್ಲಿ ನಿಲ್ಲಬೇಡ ಎಂದು ಮಾತ್ರ ಹೇಳಿದರೆ ಸಾಲದು, ಎಲ್ಲಿ ನಿಲ್ಲಬಹುದು ಎಂದೂ ಹೇಳಬೇಕು. ಅವನೂ ಕೆಲಸಕ್ಕೆ ಬಂದವನು. ಕೇಳದಿದ್ದರೆ ಮೀಡಿಯಾ ನೋಡಿಕೊಳ್ಳಲು ಒಬ್ಬರು ಇರುತ್ತಾರೆ, ಅವರನ್ನು ಕರೆಯಬೇಕು. ಹೊರಗೆ ಕಳುಹಿಸುವುದು ಅವರ ಮೂಲಕ. ರೆಫರಿ ಕೈ ಹಾಕುವುದಿಲ್ಲ.” ಚಪಾತಿಯ ಅಂಚು ಮುರಿದು, “ಕಾರ್ಕಳದಲ್ಲಿ ನಾನು ಎಲ್ಲವನ್ನೂ ಉಲ್ಟಾ ಮಾಡಿದ್ದು ಅಜ್ಜಿ,” ಎಂದಳು.

“ಕಾರ್ಕಳದಲ್ಲಿ ನಿನಗೆ ಅಂಥ ಒಬ್ಬರನ್ನು ಯಾರು ಕೊಟ್ಟಿದ್ದರು? ಏಳು. ನಾನು ಚಾನೆಲ್ಲಿನವಳು. ಈ ಚಾಪೆ ಕೋರ್ಟು.”

ನಾನು ಸೌಟಿಗೆ ಮೊಬೈಲು ಕಟ್ಟಿಕೊಂಡು ಚಾಪೆಯ ಮೇಲೆ ನಡೆದೆ. ಅವಳು ಪಕ್ಕಕ್ಕೆ ಬಂದು ಅಂಗೈ ಬಿಡಿಸಿ, “ಸರ್, ದಯವಿಟ್ಟು ಆ ಫ್ರಿಜ್ಜಿನ ಹತ್ತಿರ ನಿಲ್ಲಿ, ಅಲ್ಲಿಂದ ಚೆನ್ನಾಗಿ ಕಾಣುತ್ತದೆ,” ಎಂದಳು. ನಾನು ಹೋಗಲಿಲ್ಲ. ಪತ್ರಿಕಾ ಸ್ವಾತಂತ್ರ್ಯ ಎಂದೆ. ಆ ಶಬ್ದ ಎಲ್ಲೋ ಮಡಚಿದ ಪುಟದಲ್ಲಿ ಓದಿದ್ದೆ. ಅವಳು ಮೀಡಿಯಾದವರನ್ನು ಕರೆಯುತ್ತೇನೆ ಎಂದು ಶಶಿಕಲಾಳನ್ನು ಕೂಗಿದಳು. ಶಶಿಕಲಾ ಬಂದು, “ಅಮ್ಮ, ಅದು ಸಾಂಬಾರಿನ ಸೌಟು,” ಎಂದು ಕಿತ್ತುಕೊಂಡಳು. ಹೀಗೆ ಹತ್ತು ಹನ್ನೆರಡು ಸಲ ಆಡಿದೆವು. ಕೊನೆಗೆ ಅವಳ ಕೈ ನಡುಗುತ್ತಿರಲಿಲ್ಲ, ನನ್ನ ಮೊಣಕಾಲು ನಡುಗುತ್ತಿತ್ತು.

ಕ್ರೀಡಾಂಗಣದ ಬಾಗಿಲು

ಪರೀಕ್ಷೆಯ ದಿನ ನಿಶ್ಮಿತಾ ಬೆಳಿಗ್ಗೆಯೇ ಹೋಗಿದ್ದಳು. ಮಧ್ಯಾಹ್ನ ಅಳಿಯ ನಮ್ಮಿಬ್ಬರನ್ನು ಬಾಗಿಲಿನಲ್ಲಿ ಇಳಿಸಿ ಕಾರು ನಿಲ್ಲಿಸಲು ಹೋದ. ಶಶಿಕಲಾ ನೀರಿನ ಬಾಟ್ಲಿ ಕಾರಿನಲ್ಲೇ ಉಳಿಯಿತೆಂದು ಅವನ ಹಿಂದೆ ಓಡಿದಳು. “ಅಮ್ಮ, ಇಲ್ಲೇ ಇರಿ, ಎಲ್ಲಿಗೂ ಹೋಗಬೇಡಿ,” ಎಂದಳು. ನಾನು ಅಲ್ಲೇ ಇದ್ದೆ. ಅಲ್ಲೇ ಇದ್ದದ್ದೇ ತಪ್ಪಾದದ್ದು; ಅದು ಮೀಡಿಯಾದವರ ಬಾಗಿಲು.

ತಲೆಗೆ ಬಟ್ಟೆ ಕಟ್ಟಿದ ಒಬ್ಬಳು ನಗುಮುಖದ ಹುಡುಗಿ ಕೈಯಲ್ಲಿ ಪಟ್ಟಿ ಹಿಡಿದು ಬಂದಳು. ಇಂಗ್ಲಿಷಿನಲ್ಲಿ ಏನೋ ಕೇಳಿದಳು. ನನಗೆ ತಿಳಿದದ್ದು ಒಂದೇ ಶಬ್ದ.

“ಪ್ರೆಸ್?”

ಸದಾನಂದ ನನ್ನ ಬಗ್ಗೆ ಮೊದಲೇ ಇಲ್ಲಿ ಹೇಳಿಟ್ಟಿದ್ದಾನೆ ಎಂದುಕೊಂಡೆ. “ಎಸ್. ಪ್ರೆಸ್. ಉಡುಪಿ,” ಎಂದೆ. ಎಷ್ಟು ವರ್ಷ ಎಂದು ಕೇಳಿಯಾಳೆಂದು ಮೂರು ಬೆರಳು, ಆಮೇಲೆ ಒಂದು ಬೆರಳು ತೋರಿಸಿದೆ. ಅವಳು ಪಟ್ಟಿಯಲ್ಲಿ ಮೂವತ್ತೊಂದನೇ ಹೆಸರು ನೋಡಿ ಗೆರೆ ಎಳೆದಳು. ನನ್ನ ಸೀರೆಯ ಮೇಲೆ ತೋಳಿಲ್ಲದ ಹಸಿರು ಕೋಟು ತೊಡಿಸಿ, ಕುತ್ತಿಗೆಗೆ ಕಾರ್ಡು ಹಾಕಿ, ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ಕೋರ್ಟಿನ ಅಂಚಿನಲ್ಲೇ ಒಂದು ಗಿಡ್ಡ ಸ್ಟೂಲಿನಲ್ಲಿ ಕೂರಿಸಿದಳು. ನನಗೆ ಕಣ್ಣು ತುಂಬಿತು. ನಮ್ಮೂರಿನಲ್ಲಿ ಪುಸ್ತಕ ಬಿಡುಗಡೆಗೆ ಬೈಂಡಿಂಗಿನವರನ್ನು ಹಿಂದಿನ ಸಾಲಿಗೂ ಕರೆಯುವುದಿಲ್ಲ. ಇಲ್ಲಿ ಕೋಟು ತೊಡಿಸಿ ಮುಂದೆ ಕೂರಿಸುತ್ತಾರೆ.

ಪಕ್ಕದ ಸ್ಟೂಲಿನಲ್ಲಿ ನಲವತ್ತರ ಆಸುಪಾಸಿನ ಒಬ್ಬ, ನನ್ನಂಥದ್ದೇ ಹಸಿರು ಕೋಟು, ಹೊಟ್ಟೆಯ ಮೇಲೆ ದೊಡ್ಡ ಕ್ಯಾಮೆರಾ. ನಾನು ತುಳುವಿನಲ್ಲಿ ಗೊಣಗಿದ್ದು ಕೇಳಿ ತಿರುಗಿದ. ಕಾಸರಗೋಡಿನವನಂತೆ, ಹೆಸರು ಬಶೀರ್, ತುಳು ನೀರಿನ ಹಾಗೆ ಬರುತ್ತದೆ. ಇಲ್ಲಿ ಯಾವುದೋ ಚಾನೆಲ್ಲಿನಲ್ಲಿ ಕೆಲಸ. ನಮ್ಮ ಮಾತನ್ನು ಕನ್ನಡದಲ್ಲೇ ಬರೆಯುತ್ತೇನೆ.

“ಅಮ್ಮ, ನಿಮ್ಮದು ಯಾವ ಪೇಪರು?”

“ಪೇಪರಲ್ಲ, ಪುಸ್ತಕ.”

“ಮ್ಯಾಗಜಿನ್ನಾ? ಕ್ಯಾಮೆರಾ ಎಲ್ಲಿ?”

“ನನಗೆ ಕ್ಯಾಮೆರಾ ಎಂತಕ್ಕೆ? ನಾನು ಮಡಚುವುದು.”

“ಓ, ಮಡಚುವ ಮೊಬೈಲು. ಅದರಲ್ಲಿ ಫೋಟೋ ಒಳ್ಳೆಯದು ಬರುತ್ತದೆ ಅಂತಾರೆ,” ಎಂದ. ನನಗೆ ಅರ್ಥವಾಗಲಿಲ್ಲ, ಆದರೂ ಹೌದೆಂದೆ. ಅವನೇ ಎಲ್ಲ ವಿವರಿಸಿದ. ನೆಲದ ಮೇಲೆ ಅಂಟಿಸಿದ ಕೆಂಪು ಪಟ್ಟಿ ದಾಟಬಾರದು. ದೀಪ ಹಾಕಬಾರದು, ಆಡುವವರ ಕಣ್ಣಿಗೆ ಹೊಡೆಯುತ್ತದೆ. ಇಷ್ಟು ತಿಳಿದವನು ನನ್ನ ಪಕ್ಕ ಇದ್ದಾನಲ್ಲ ಎಂದು ಸಮಾಧಾನವಾಯಿತು.

ಕೆಂಪು ಪಟ್ಟಿ

ಹೆಣ್ಣುಮಕ್ಕಳ ಎರಡು ತಂಡ ಬಂದವು. ಒಬ್ಬ ರೆಫರಿ ನೆಟ್ಟಿನ ಕಂಬದ ಹತ್ತಿರ ಎತ್ತರದ ಮೆಟ್ಟಿಲೇರಿ ನಿಂತ. ನೆಲದ ಮೇಲೆ ನಿಲ್ಲುವ ರೆಫರಿಯಾಗಿ ನಮ್ಮ ನಿಶ್ಮಿತಾ ಬಂದಳು. ಬಿಳಿ ಅಂಗಿ, ನೀಲಿ ಪ್ಯಾಂಟು. ಎದುರು ಮೇಜಿನಲ್ಲಿ ಮೂವರು ಪರೀಕ್ಷಕರು ಪೆನ್ನು ಹಿಡಿದು ಕೂತಿದ್ದರು.

ನಾನು ಕೈಬೀಸಿದೆ. ಅವಳು ನನ್ನನ್ನು ನೋಡಿದಳು. ಕೋಟು ನೋಡಿದಳು. ಒಂದು ಗಳಿಗೆ ಬಾಯಿ ತೆರೆದದ್ದು ಹಾಗೇ ಇತ್ತು. ಆಮೇಲೆ ಮುಖ ತಿರುಗಿಸಿದಳು. ಕಂಡೂ ಕಾಣದ ಹಾಗೆ ಮಾಡಿದಳಲ್ಲ ಎಂದು ಸ್ವಲ್ಪ ಬೇಸರವಾಯಿತು.

“ಅವಳು ನನ್ನ ಮೊಮ್ಮಗಳು,” ಎಂದೆ ಬಶೀರನಿಗೆ.

“ಇಲ್ಲಿ ಆಡುವವರೆಲ್ಲ ನನ್ನ ತಂಗಿಯರು,” ಎಂದು ನಕ್ಕ.

ಮೊದಲ ಸೆಟ್ಟಿನಲ್ಲೇ ಅವನು ಪಟ್ಟಿ ದಾಟಿದ. ಸರ್ವಿಸ್ ಮಾಡುವ ಹುಡುಗಿಯ ಬದಿಯಲ್ಲಿ ಮೊಣಕಾಲೂರಿ ಕ್ಯಾಮೆರಾದ ದೀಪ ಹಾಕಿದ. ಹುಡುಗಿ ಕಣ್ಣಿಗೆ ಕೈ ಅಡ್ಡ ಹಿಡಿದಳು. ನಿಶ್ಮಿತಾ ವಿಸಿಲ್ ಊದಿದಳು. ಕಾರ್ಕಳವೇ ಇನ್ನೊಮ್ಮೆ ಬಂತು ಎಂದುಕೊಂಡೆ.

ಅವಳು ಓಡಲಿಲ್ಲ, ನಡೆದು ಬಂದಳು. ಅವನ ಪಕ್ಕದಲ್ಲಿ ಬಗ್ಗಿ ನಿಂತು, ಅಂಗೈ ಬಿಡಿಸಿ, ಮೆಲ್ಲಗೆ ಏನೋ ಹೇಳಿ ಆಚೆ ಮೂಲೆ ತೋರಿಸಿದಳು. ಅವನು ತಲೆಯಾಡಿಸಿ ಹಿಂದೆ ಬಂದ.

“ಎಂತ ಹೇಳಿದಳು?”

“ದೀಪ ಬೇಡ, ಸೆಟ್ ಮುಗಿದ ಮೇಲೆ ಆ ಮೂಲೆಗೆ ಹೋಗಿ, ಅಲ್ಲಿಂದ ಮುಖ ಸಿಗುತ್ತದೆ ಎಂದಳು. ಒಳ್ಳೆಯ ಹುಡುಗಿ. ಮರ್ಯಾದೆಯಿಂದ ಹೇಳಿದಳು.”

ನನಗೆ ಸ್ಟೂಲು ಸಾಲದಷ್ಟು ಹೆಮ್ಮೆಯಾಯಿತು.

ಕೊನೆಯ ಸೆಟ್ಟು. ಎರಡೂ ಕಡೆ ಹದಿಮೂರು, ಹದಿನೈದಕ್ಕೆ ಮುಗಿಯುವುದು. ಬಶೀರ್ ಮೆಲ್ಲಗೆ ಎದ್ದ.

“ಬಶೀರ್, ಕೂತುಕೋ.”

“ಒಂದೇ ಶಾಟ್ ಅಮ್ಮ. ಈಗ ಬಿಟ್ಟರೆ ಆಫೀಸಿನಲ್ಲಿ ನನ್ನನ್ನು ಬಿಡುವುದಿಲ್ಲ.”

“ಆ ಮಗುವಿನ ಪರೀಕ್ಷೆ ಮಾರಾಯ. ಕೂತುಕೋ.”

ಅವನು ಕಾಲು ದಾಟಿಸಿದ. ದೀಪ ಹತ್ತಿತು. ಆಮೇಲೆ ನಾನು ಏನು ಮಾಡಿದೆ ಎಂಬುದನ್ನು ಉಳಿದವರು ಹೇಳಿದ್ದರಿಂದ ಬರೆಯುತ್ತಿದ್ದೇನೆ. ನಾನು ಎದ್ದು, ಪಟ್ಟಿ ದಾಟಿ, ಅವನ ಕೋಟಿನ ಹಿಂಬದಿ ಎರಡೂ ಕೈಯಲ್ಲಿ ಹಿಡಿದು ಎಳೆದೆನಂತೆ. ಮೂವತ್ತೊಂದು ವರ್ಷ ದಾರ ಎಳೆದ ಕೈ. ಅವನು ಕುಂಡೆಯ ಮೇಲೆ ಕೂತ. ಕ್ಯಾಮೆರಾದ ಬೆಳಕು ನೇರ ಸರ್ವಿಸ್ ಮಾಡುವವಳ ಮುಖಕ್ಕೆ ಹೋಯಿತು. ಅವಳು ಹೊಡೆದ ಚೆಂಡು ಎಲ್ಲಿಗೋ ಹೋಗಿ ಗೋಡೆಗೆ ಬಡಿದು ತಿರುಗಿ ಬಂದು ನನ್ನ ಕೈಗೇ ಸಿಕ್ಕಿತು. ನಾನು ಹಿಡಿದುಕೊಂಡೆ.

ವಿಸಿಲ್ ಕೇಳಿತು. ಮೇಲಿನ ರೆಫರಿಯೂ ನಿಶ್ಮಿತಾಳೂ ಎರಡೂ ಕೈಯ ಹೆಬ್ಬೆರಳು ಎತ್ತಿ ತೋರಿಸಿದರು. ಭೇಷ್ ಎಂದರು ಎಂದು ತಿಳಿದು, ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ನಾನೂ ಎರಡು ಹೆಬ್ಬೆರಳು ಎತ್ತಿದೆ. ಇಡೀ ಕ್ರೀಡಾಂಗಣ ನಕ್ಕಿತು. ಆ ಪಾಯಿಂಟನ್ನು ಮತ್ತೊಮ್ಮೆ ಆಡಿಸಬೇಕು ಎಂಬುದಕ್ಕೆ ಅದು ಸನ್ನೆಯಂತೆ.

ನಿಶ್ಮಿತಾ ಬಾಗಿಲಿನ ಆ ನಗುಮುಖದ ಹುಡುಗಿಯನ್ನು ಕರೆದು ಎರಡು ಮಾತು ಹೇಳಿದಳು. ನಮ್ಮ ಪಕ್ಕಕ್ಕೆ ಬಂದು ನಿಂತಳು. ಮೊದಲು ಬಶೀರನಿಗೆ, “ಸರ್.” ಆಮೇಲೆ ನನಗೆ. ಮಾತು ಬಂದ ದಿನದಿಂದ ಅಜ್ಜಿ ಎಂದು ಕರೆದ ಬಾಯಿ, “ಮೇಡಂ” ಎಂದಿತು.

“ಮಗಾ, ನಾನು ಅವನನ್ನು...”

“ಮೇಡಂ, ಪ್ಲೀಸ್.” ಅಂಗೈ ಬಿಡಿಸಿ ಹೊರಬಾಗಿಲು ತೋರಿಸಿದಳು. ದನಿ ಗಟ್ಟಿಯಿರಲಿಲ್ಲ, ಮುಖದಲ್ಲಿ ಸಿಟ್ಟಿರಲಿಲ್ಲ, ಕೈ ನಡುಗಲಿಲ್ಲ. ಮೇಜಿನಲ್ಲಿ ಮೂವರೂ ತಲೆ ತಗ್ಗಿಸಿ ಬರೆಯುತ್ತಿದ್ದರು. ಚೆಂಡನ್ನು ಅವಳ ಕೈಗೆ ಕೊಟ್ಟು ಆ ಹುಡುಗಿಯ ಹಿಂದೆ ಹೊರಗೆ ನಡೆದೆ.

ಹೊರಗಿನ ಕುರ್ಚಿ

ಬಾಗಿಲಿನ ಆಚೆ ಉದ್ದದ ದಾರಿಯಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ. ಒಂದರಲ್ಲಿ ನಾನು, ಒಂದರಲ್ಲಿ ಬಶೀರ್. ಒಳಗೆ ಚಪ್ಪಾಳೆ ಕೇಳುತ್ತಿತ್ತು, ಯಾರು ಗೆದ್ದರೋ ತಿಳಿಯಲಿಲ್ಲ.

“ಅಮ್ಮ, ನಿಜವಾಗಿಯೂ ಮೊಮ್ಮಗಳಾ?”

“ಹೌದು.”

“ಮತ್ತೆ ಅಜ್ಜಿಯನ್ನೇ ಹೊರಗೆ ಹಾಕಿದಳಲ್ಲ.”

ನನ್ನ ಕಣ್ಣಿನಿಂದ ನೀರು ಬಂತು. ಹೊರಗೆ ಹಾಕಿದ್ದಕ್ಕಲ್ಲ. ಇದೇ ಕೊನೆಯ ಸಲ ಎಂದಿದ್ದಳಲ್ಲ, ಆ ಕೊನೆಯ ಸಲವನ್ನು ಕೆಡಿಸಿದ್ದು ಚಾನೆಲ್ಲಿನವನಲ್ಲ, ನಾನು. ಬಶೀರ್ ಗಾಬರಿಯಾಗಿ ಖರ್ಜೂರದ ಪೊಟ್ಟಣ ಮುಂದೆ ಹಿಡಿದ. “ತಪ್ಪು ನನ್ನದು ಅಮ್ಮ. ಅವಳು ಮೂಲೆ ತೋರಿಸಿದ್ದಳು. ಅಲ್ಲೇ ಇರಬೇಕಿತ್ತು.”

“ನಿನ್ನ ಕ್ಯಾಮೆರಾದಲ್ಲಿ ಇದೆಲ್ಲ ಬಂತಾ?”

“ಬಂದಿದೆ.”

“ಹಾಕುತ್ತೀಯಾ?”

“ಏನು ಹಾಕುವುದು? ಅರವತ್ತು ವರ್ಷದ ಅಮ್ಮ ಎಳೆದದ್ದಕ್ಕೆ ಬಶೀರ್ ಕುಂಡೆಯ ಮೇಲೆ ಬಿದ್ದ ಎಂದಾ? ಕಾಸರಗೋಡಿನಲ್ಲಿ ನನಗೆ ಹೆಂಡತಿ ಮಕ್ಕಳು ಇದ್ದಾರೆ.”

ನನಗೆ ಎಪ್ಪತ್ತೊಂದು ಎಂದು ತಿದ್ದಲು ಹೋಗಲಿಲ್ಲ.

ಶಶಿಕಲಾ ಪ್ರೇಕ್ಷಕರು ಕೂರುವ ಮೇಲಿನ ಮೆಟ್ಟಿಲುಗಳಿಂದ ಇಳಿದು ಓಡಿಬಂದಳು, ಹಿಂದೆ ಸದಾನಂದ. “ಅಮ್ಮ, ಎಂತ ಮಾಡಿದ್ದು ನೀವು? ಇಲ್ಲೇ ಇರಿ ಎಂದರೆ ಕೋಟು ಹಾಕಿಕೊಂಡು ಕೋರ್ಟಿಗೇ ಹೋಗುವುದಾ?”

“ಪ್ರೆಸ್ಸಾ ಎಂದು ಕೇಳಿದರು. ಇಲ್ಲ ಎನ್ನಲಾ? ಮೂವತ್ತೊಂದು ವರ್ಷ ಉಂಡ ಅನ್ನ ಅಲ್ವಾ ಅದು?”

ಸದಾನಂದ ಗೋಡೆ ಕಡೆ ತಿರುಗಿ ಭುಜ ಕುಲುಕಿಸಿ ನಕ್ಕ.

ಎಷ್ಟೋ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಮುಖ್ಯ ಪರೀಕ್ಷಕರು ಬಂದರು, ಶ್ರೀಲಂಕಾದ ಹೆಂಗಸು, ಬಿಳಿ ಕೂದಲು, ನೆಟ್ಟಗಿನ ಬೆನ್ನು. ಜೊತೆಗೆ ನಿಶ್ಮಿತಾ. ಅವಳ ಮುಖ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ, ಅದನ್ನೂ ಕಲಿಸಿರಬೇಕು. ಮೊದಲು ನಿಶ್ಮಿತಾ ತನ್ನ ಮಾತನ್ನು ತುಳುವಿನಲ್ಲಿ ಹೇಳಿದಳು.

“ಪಂದ್ಯ ಮುಗಿದ ಕೂಡಲೇ ನಾನೇ ಅವರ ಮೇಜಿಗೆ ಹೋಗಿ ಹೇಳಿದೆ ಅಜ್ಜಿ. ಹೊರಗೆ ಕಳುಹಿಸಿದ್ದು ನನ್ನ ಅಜ್ಜಿಯನ್ನು, ಆಟ ಶುರುವಾಗುವ ಮೊದಲೇ ನನಗೆ ಕಂಡಿತ್ತು, ಹೇಳಲಿಲ್ಲ, ಅದು ನನ್ನ ತಪ್ಪು ಎಂದು.”

“ಅದನ್ನು ಯಾಕೆ ಹೇಳಿದ್ದು ಮಾರಾಯ್ತಿ? ಅವರಿಗೆ ಗೊತ್ತಾಗುತ್ತಿತ್ತಾ?”

“ನನಗೆ ಗೊತ್ತಿತ್ತಲ್ಲ. ಅವರು ಕೇಳಿದರು, ಅಜ್ಜಿ ಎಂದು ಗೊತ್ತಿದ್ದೂ ಯಾಕೆ ಕಳುಹಿಸಿದೆ ಎಂದು. ಕೋಟು ಹಾಕಿದ್ದರು, ಅದಕ್ಕೆ ಎಂದೆ. ಕೋಟಿನ ಒಳಗೆ ಯಾರಿದ್ದಾರೆ ಎಂದು ನೋಡಿ ನಿಯಮ ಹೇಳಲಿಕ್ಕಾಗ್ತದಾ?”

ಆ ಹೆಂಗಸು ಇಂಗ್ಲಿಷಿನಲ್ಲಿ ಒಂದೊಂದಾಗಿ ತಪ್ಪುಗಳನ್ನೂ ಎಣಿಸಿದರು, ನಿಶ್ಮಿತಾ ಅದನ್ನು ನನಗೆ ತುಳುವಿನಲ್ಲಿ ಹೇಳುತ್ತಾ ಹೋದಳು. ಮೊದಲೇ ಕಂಡಾಗ ಹೇಳದ್ದು ಒಂದು. ಬಶೀರ್ ಮೊದಲ ಸಲ ದಾಟಿದಾಗಲೇ ಮೀಡಿಯಾ ನೋಡುವ ಹುಡುಗಿಗೆ ತಿಳಿಸದೆ ಉಳಿದದ್ದು ಇನ್ನೊಂದು. ಎರಡಕ್ಕೂ ಅಂಕ ಹೋಗಿದೆ. ಆಮೇಲೆ ನಿಶ್ಮಿತಾಳ ಹೆಗಲಿನ ಮೇಲೆ ಕೈಯಿಟ್ಟು ಏನೋ ಹೇಳಿದರು. ನಿಶ್ಮಿತಾ ಅದನ್ನು ತುಳುವಿನಲ್ಲಿ ಹೇಳಲಿಲ್ಲ. ನನ್ನ ಮುಂದೆ ಕೂತು ನನ್ನ ಮಡಿಲಿನಲ್ಲಿ ತಲೆಯಿಟ್ಟಳು, ಹಸಿರು ಕೋಟಿನ ಮೇಲೆಯೇ. ಸದಾನಂದನೇ ಹೇಳಬೇಕಾಯಿತು. “ಅತ್ತೆ, ಪಾಸು.”

ಅಲ್ಲಿ ಕೂತು ನನಗೆ ಒಂದು ವಿಷಯ ತಿಳಿಯಿತು. ನಮ್ಮೂರಿನ ಪಂದ್ಯಗಳಲ್ಲಿ ಮೈಕು, ಶಾಮಿಯಾನ, ಅತಿಥಿಗಳಿಗೆ ಹಾರ ಎಲ್ಲ ಇರುತ್ತದೆ. ಕ್ಯಾಮೆರಾದವರು ಎಲ್ಲಿ ನಿಲ್ಲಬೇಕು ಎಂದು ನೆಲಕ್ಕೆ ಒಂದು ಕೆಂಪು ಪಟ್ಟಿ ಇರುವುದಿಲ್ಲ, ಅವರನ್ನು ನೋಡಿಕೊಳ್ಳಲು ಒಬ್ಬರು ಇರುವುದಿಲ್ಲ. ಎಲ್ಲವನ್ನೂ ರೆಫರಿಯ ತಲೆಗೆ ಕಟ್ಟಿ, ಅವಳು ಸಿಟ್ಟಾದರೆ ಅದನ್ನೇ ತೆಗೆದು ಊರಿಗೆ ತೋರಿಸುತ್ತೇವೆ. ಅವರಿಗೆ ಒಂದು ಒಳ್ಳೆಯ ಜಾಗ ಮೊದಲೇ ಕೊಟ್ಟರೆ ಅರ್ಧ ಜಗಳ ಇಲ್ಲ. ಉಳಿದರ್ಧಕ್ಕೆ ಮೆಲ್ಲಗಿನ ಮಾತು ಸಾಕು. ಪುಸ್ತಕವಾದರೂ ಹಾಗೆಯೇ. ಅಂಚು ಬಿಡದೆ ಅಚ್ಚು ಮಾಡಿದರೆ ಹೊಲಿಯುವಾಗ ಅಕ್ಷರ ಒಳಗೆ ಹೋಗುತ್ತದೆ, ಬೈಯುವುದು ಹೊಲಿದವಳನ್ನು.

ಕೋಟು ತಿರುಗಿ ಕೊಡುವಾಗ ಆ ನಗುಮುಖದ ಹುಡುಗಿ ಪಟ್ಟಿಯ ಮೂವತ್ತೊಂದನೇ ಹೆಸರನ್ನು ನನಗೆ ತೋರಿಸಿದಳು. ಅದು ಯಾವುದೋ ಪತ್ರಿಕೆಯ ಗಂಡಸಿನ ಹೆಸರಂತೆ. ಪಾಪ, ಅವನು ಇಡೀ ಪಂದ್ಯ ಬಾಗಿಲಿನ ಹೊರಗೆ ನಿಂತಿದ್ದನಂತೆ.

ಸಂಜೆ

ದಾರಿಯಲ್ಲಿ ಸದಾನಂದ ಬಂಗುಡೆ ಮೀನು ತಂದ. ಶಶಿಕಲಾ ಮೆಣಸು ಕಡೆದಳು, ನಾನು ಹುಳಿ ಹಿಂಡಿದೆ. ಕುಚ್ಚಲಕ್ಕಿ ಅನ್ನ, ಬಂಗುಡೆಯ ಪುಳಿಮುಂಚಿ, ಬಸಳೆ ಸಿಗದ್ದಕ್ಕೆ ಅಲ್ಲಿಯದ್ದೇ ಯಾವುದೋ ಸೊಪ್ಪಿನ ಪಲ್ಯ. ಮೇಜು ಬೇಡ ಎಂದು ಎಲ್ಲರೂ ನೆಲದ ಮೇಲೆ ಚಾಪೆ ಹಾಸಿ ಕೂತೆವು. ನಾಲ್ಕು ದಿನದಿಂದ ಹಕ್ಕಿಯ ಹಾಗೆ ಕುಕ್ಕುತ್ತಿದ್ದ ನಿಶ್ಮಿತಾ ಮೂರನೇ ಸಲ ಅನ್ನ ಹಾಕಿಸಿಕೊಂಡಳು.

“ನಿಶಿ,” ಎಂದಳು ಶಶಿಕಲಾ, “ಅಲ್ಲಿ ಕೂತದ್ದು ನಾನಾಗಿದ್ದರೆ? ನನ್ನನ್ನೂ ಹೊರಗೆ ಕಳುಹಿಸುತ್ತಿದ್ದೆಯಾ?”

ನಿಶ್ಮಿತಾ ಬಂಗುಡೆಯ ಮುಳ್ಳು ತೆಗೆಯುತ್ತಾ, “ಕೋಟು ಹಾಕಿದ್ದರೆ ಹೌದಮ್ಮ,” ಎಂದಳು.

“ನನ್ನನ್ನು?” ಎಂದ ಸದಾನಂದ.

“ನಿಮ್ಮನ್ನು ಕೋಟು ಇಲ್ಲದಿದ್ದರೂ ಕಳುಹಿಸುತ್ತೇನೆ ಪಪ್ಪ. ಮೇಲೆ ಕೂತು ನನ್ನ ಹೆಸರು ಹೇಳಿ ಬೊಬ್ಬೆ ಹೊಡೆದದ್ದು ನನಗೆ ಕೇಳಿದೆ.”

ಶಶಿಕಲಾ ನಕ್ಕ ನಗುವಿಗೆ ಅನ್ನ ನೆತ್ತಿಗೇರಿತು. ಸದಾನಂದ ಅವಳ ಬೆನ್ನು ತಟ್ಟುತ್ತಾ ತಾನೂ ಕೆಮ್ಮಿದ. ನಾನು ಪಾತ್ರೆಯ ತಳದಲ್ಲಿ ಉಳಿದ ಒಂದು ಬಂಗುಡೆಯನ್ನು ರಸದ ಸಮೇತ ರೆಫರಿಯ ತಟ್ಟೆಗೆ ಜಾರಿಸಿದೆ. ಸಾಕು ಸಾಕು ಎಂದಳು. ಎಂದಳೇ ಹೊರತು ಕೈ ಅಡ್ಡ ಹಿಡಿಯಲಿಲ್ಲ.